ನಾಲ್ಕಡಿಯ ಮೀನಿನ ತೊಟ್ಟಿಗೆ ಹಳೆಮನೆಯ ಪಕ್ಕಾಸಿನಿಂದ ಸ್ಟ್ಯಾಂಡ್ ಮಾಡಬಹುದೇ?

ಮುರಕಲ್ಲು, ನೀರ್ಚಾಲು | ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ಮಗಳು ಎರಡು ವರ್ಷದಿಂದ ಪೀಡಿಸುತ್ತಿದ್ದ ಮೀನಿನ ತೊಟ್ಟಿಗೆ ಕೊನೆಗೂ ಒಪ್ಪಿಕೊಂಡಿದ್ದೇನೆ. ಗಾಜು ಕತ್ತರಿಸಿ ಅಂಟಿಸಿ ಕೊಡುವವರು ಕಾಸರಗೋಡು ಪೇಟೆಯಲ್ಲಿ ಸಿಕ್ಕಿದ್ದಾರೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಮಿಲಿಮೀಟರ್ ಗಾಜು. ಅದನ್ನು ಯಾವುದರ ಮೇಲೆ ಇಡುವುದು ಎಂಬುದೇ ಈಗಿನ ಚಿಂತೆ.

ಕಳೆದ ವರ್ಷ ಹಂಚಿನ ಹಳೆಮನೆ ಬಿಚ್ಚಿ ತಾರಸಿ ಮನೆ ಕಟ್ಟಿದೆವು. ಹಳೆಯ ಪಕ್ಕಾಸುಗಳು, ಅಂದರೆ ಮಾಡಿನ ಹಂಚು ಹೊರುತ್ತಿದ್ದ ಉದ್ದನೆಯ ಮರಗಳು, ಕೊಟ್ಟಿಗೆಯ ಅಟ್ಟದಲ್ಲಿ ಬಿದ್ದಿವೆ. ಮೂರಿಂಚು ಎರಡಿಂಚಿನವು, ಇಪ್ಪತ್ತರಷ್ಟು ಇರಬಹುದು. ಕೆಲವು ಹಲಸು, ಕೆಲವು ಕಿರಾಲುಬೋಗಿ ಎಂದು ಅಪ್ಪ ಹೇಳುತ್ತಾರೆ. ಹೊಗೆ ಹಿಡಿದು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿರುವುದರಿಂದ ನನಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಇವುಗಳಿಂದ ಸ್ಟ್ಯಾಂಡ್ ಮಾಡಿಸಬಹುದೇ? ಭಾರ ತಡೆಯುತ್ತದೆಯೇ? ‘ರಾತ್ರಿ ಕುಸಿದರೆ ಚಾವಡಿಯಲ್ಲಿ ದೋಣಿ ಬಿಡಬೇಕಾದೀತು’ ಎಂದು ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ.

ಗಪ್ಪಿ, ಮಂಜೇಶ್ವರ | ಮಾರ್ಚ್ 9

ನನ್ನದು ಎರಡಡಿಯ ತೊಟ್ಟಿ, ಓದುವ ಮೇಜಿನ ಮೇಲಿದೆ. ಇಲ್ಲಿ ಬರುವ ಉತ್ತರಗಳಿಗಾಗಿ ನಾನೂ ಕಾಯುತ್ತೇನೆ.

ಉಪ್ಪಳ ಗೇಟು | ಮಾರ್ಚ್ 9

ಹಳೆಯ ಮರದ ಗೋಜಲು ಏಕೆ ಅಣ್ಣ? ಒಂದೂವರೆ ಇಂಚಿನ ಕಬ್ಬಿಣದ ಚೌಕ ಪೈಪು ತಂದು ಬೆಸುಗೆ ಹಾಕಿಸಿ. ಅರ್ಧ ದಿನದ ಕೆಲಸ. ನಾನೇ ಹತ್ತಾರು ಮಾಡಿ ಕೊಟ್ಟಿದ್ದೇನೆ.

ಲೆಕ್ಕದ ಮಾಸ್ತರ್, ಕುಂಬಳೆ | ಮಾರ್ಚ್ 10

ಭಾರ ಎಷ್ಟು ಎಂದು ಮೊದಲು ತಿಳಿದುಕೊಳ್ಳೋಣ, ಹೆದರುವುದನ್ನು ಆಮೇಲೆ ಇಟ್ಟುಕೊಳ್ಳೋಣ. ತೊಟ್ಟಿಯ ಅಳತೆಯನ್ನು 120, 45, 45 ಸೆಂಟಿಮೀಟರ್ ಎಂದು ಹಿಡಿಯಿರಿ. ಅಂಚಿನವರೆಗೆ ಯಾರೂ ತುಂಬುವುದಿಲ್ಲ, 40 ಸೆಂಟಿಮೀಟರ್ ತುಂಬಿದರೆ 216 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಗಾಜು ನೀರಿನ ಎರಡೂವರೆ ಪಟ್ಟು ಸಾಂದ್ರ. ಐದು ಫಲಕಗಳೂ ಸೇರಿ 50 ಕಿಲೋ. ತಳದಲ್ಲಿ ಎರಡಿಂಚು ಮರಳು ಹಾಕಿದರೆ ಇನ್ನು 40 ಕಿಲೋ, ಆದರೆ ಮರಳು ಸ್ವಲ್ಪ ನೀರನ್ನು ಹೊರದೂಡುತ್ತದೆ, ಅಷ್ಟನ್ನು ಕಳೆಯಿರಿ. ಕಲ್ಲು, ಮುಚ್ಚಳ, ದೀಪ ಎಲ್ಲ ಕೂಡಿ ಮೂರು ಕ್ವಿಂಟಾಲಿಗೆ ಸ್ವಲ್ಪ ಮೇಲೆ. ಅಂದರೆ ಆರು ಸಿಮೆಂಟು ಚೀಲ.

ಈಗ ಕಾಲು. ಮೂರಿಂಚು ಎರಡಿಂಚಿನ ಒಂದು ತುಂಡಿನ ಅಡ್ಡಕೊಯ್ತ ಸುಮಾರು 38 ಚದರ ಸೆಂಟಿಮೀಟರ್. ಗಟ್ಟಿ ಮರವು ನಿಂತ ನಿಲುವಿನಲ್ಲಿ ಚದರ ಸೆಂಟಿಮೀಟರಿಗೆ 50 ಕಿಲೋ ಹೊರುತ್ತದೆ ಎಂದು ಬಹಳ ಜಿಪುಣತನದಿಂದ ಹಿಡಿದರೂ ಗಿಡ್ಡ ಕಾಲೊಂದು 1,900 ಕಿಲೋ ತಡೆಯಬೇಕು. ನಿಮಗೆ ಬೇಕಾದದ್ದು ಕಾಲೊಂದಕ್ಕೆ 80 ಕಿಲೋ ಕೂಡ ಇಲ್ಲ. ನಿಶ್ಚಿಂತೆಯಿಂದಿರಿ.

ಪಯಸ್ವಿನಿ, ಅಡೂರು | ಮಾರ್ಚ್ 10

ಮಾಸ್ತರರೇ, ಅಷ್ಟು ನಿಶ್ಚಿಂತೆ ಬೇಡ. ನನ್ನ ಮೊದಲ ತೊಟ್ಟಿ ಒಡೆದ ಕಥೆ ಹೇಳುತ್ತೇನೆ. ಮೂರಡಿಯ ತೊಟ್ಟಿ, ಅಂಗಡಿಯಿಂದಲೇ ತಂದ ಸ್ಟ್ಯಾಂಡ್. ನೋಡಲು ಮರದಂತಿದ್ದ ಅದರ ಹೊಳೆಯುವ ಹಾಳೆಯ ಒಳಗೆ ಇದ್ದದ್ದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಎರಡು ಮಳೆಗಾಲ ಏನೂ ಆಗಲಿಲ್ಲ. ನೀರು ಬದಲಿಸುವಾಗ ಚೆಲ್ಲಿದ ಹನಿಗಳು ಹಾಳೆಯ ಸಂದಿನಿಂದ ಒಳಗಿಳಿದು, ಹಿಂದಿನ ಎಡಮೂಲೆ ನೆನೆದ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಆ ಮೂಲೆ ಗೋಡೆಯ ಕಡೆಗಿದ್ದುದರಿಂದ ನಾನು ನೋಡಿರಲಿಲ್ಲ. ಉಬ್ಬಿದ್ದು ಒಂದು ದಿನ ಕುಸಿಯಿತು. ರಾತ್ರಿ ಎರಡು ಗಂಟೆಗೆ ಠಪ್ ಎಂಬ ಒಂದೇ ಶಬ್ದ. ಎದ್ದು ದೀಪ ಹಾಕುವಷ್ಟರಲ್ಲಿ ತಳದ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಸ್ಟ್ಯಾಂಡ್ ಬೀಳಲಿಲ್ಲ, ಒಂದು ಮೂಲೆ ತಗ್ಗಿತು, ಅಷ್ಟೇ. ಗಾಜಿಗೆ ಅಷ್ಟು ಸಾಕು.

ಆಮೇಲೆ ಕಪಾಟಿನ ಅಡಿಯಿಂದ ಮೀನುಗಳನ್ನು ಚಹಾ ಸೋಸುವ ಜಾಲರಿಯಲ್ಲಿ ಹೆಕ್ಕಿದೆವು. ಬದುಕಿದ್ದು ನಾಲ್ಕು.

ಉಳಿ ಕೊಡತಿ, ಪೆರ್ಲ | ಮಾರ್ಚ್ 10

ಅಕ್ಕ ಹೇಳಿದ್ದು ಸರಿ. ಮಾಸ್ತರರ ಲೆಕ್ಕದಲ್ಲೂ ತಪ್ಪಿಲ್ಲ, ಆದರೆ ಅವರು ಮಾಡಿದ್ದು ಬೇರೆ ಪ್ರಶ್ನೆಯ ಲೆಕ್ಕ. ಮರದ ಸ್ಟ್ಯಾಂಡ್ ಕೆಳಮುಖದ ಭಾರಕ್ಕೆ ಮುರಿದದ್ದನ್ನು ನಾನು ಈವರೆಗೆ ಕಂಡಿಲ್ಲ. ಕೆಡುವುದು ಎರಡು ಬಗೆಯಲ್ಲಿ. ಒಂದು, ಪಕ್ಕಕ್ಕೆ ಓಲಾಡಿ ಮಡಚಿಕೊಳ್ಳುವುದು. ಇನ್ನೊಂದು, ಮೇಲ್ಮೈ ತಿರುಚಿಕೊಂಡು ಗಾಜನ್ನು ಸೀಳುವುದು. ಕಾಲು ಎಷ್ಟು ದಪ್ಪ ಎಂದು ಎಲ್ಲರೂ ಕೇಳುತ್ತಾರೆ. ಜೋಡಣೆ ಹೇಗೆ ಎಂದು ಕೇಳುವವರು ಇಲ್ಲ.

ನಮ್ಮದು ತಲೆಮಾರುಗಳಿಂದ ಮರದ ಕೆಲಸದ ಮನೆ. ಪಕ್ಕಾಸುಗಳನ್ನು ಖಂಡಿತ ಬಿಡಬೇಡಿ. ಅಷ್ಟು ವರ್ಷ ಒಲೆಯ ಹೊಗೆ ಕುಡಿದು ಒಣಗಿದ ಮರ ಸೊಟ್ಟಗಾಗುವಷ್ಟು ಎಂದೋ ಆಗಿ ಮುಗಿದಿರುತ್ತದೆ. ನಾಳೆ ಮಿಲ್ಲಿನಿಂದ ಹಸಿ ಹಲಸು ಕೊಯ್ಸಿ ತಂದರೆ ಅದು ಆಟಿ ತಿಂಗಳ ಜಡಿಮಳೆಯಲ್ಲಿ ನಿಮ್ಮ ತೊಟ್ಟಿಯ ಅಡಿಯಲ್ಲಿ ಕುಳಿತು ತನ್ನ ಆಟ ತೋರಿಸುತ್ತದೆ.

ಯಾವ ಮರವೆಂದು ತಿಳಿಯಲು ಕೀಸುಳಿಯಲ್ಲಿ ನಾಲ್ಕು ಸಲ ಎಳೆಯಿರಿ. ಕಪ್ಪು ಹೋದ ಮೇಲೆ ಹಳದಿ ಮಾಗಿದ ಕಂದು ಕಂಡರೆ ಅದು ಹಲಸಿನ ಚೇಗು (ಗಟ್ಟಿ ತಿರುಳು). ಕೀಸುಳಿ ಕಚ್ಚದೆ ಜಾರಿದರೆ, ತುಂಡು ಎತ್ತಿದಾಗ ಗಾತ್ರಕ್ಕೆ ಮೀರಿ ತೂಗಿದರೆ, ಕಿರಾಲುಬೋಗಿ. ಅದಕ್ಕೆ ನೇರವಾಗಿ ಮೊಳೆ ಹೊಡೆಯಲು ಹೋಗಬೇಡಿ, ಮೊಳೆಯೇ ಬಾಗುತ್ತದೆ. ಬೈರಿಗೆಯಿಂದ ತೂತು ಕೊರೆದು ತಿರುಪು ಹಾಕಬೇಕು. ಸೂಜಿಮೊನೆಯಷ್ಟು ತೂತುಗಳಿಂದ ಮೈದಾ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆಹುಳು ಹಿಡಿದ ಮರ, ಅದು ಒಲೆಗೆ. ಇನ್ನು, ಹಳೆಯ ಪಕ್ಕಾಸಿನಲ್ಲಿ ರೀಪಿನ ಮೊಳೆಗಳು ತಲೆ ಮುರಿದು ಒಳಗೇ ಉಳಿದಿರುತ್ತವೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಉದ್ದಕ್ಕೂ ಓಡಿಸಿದರೆ ಸಿಕ್ಕಿಬೀಳುತ್ತವೆ. ಮೊಳೆ ಇರುವ ಮರವನ್ನು ಮಿಲ್ಲಿನವರು ಗರಗಸಕ್ಕೆ ಕೊಡಲು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು.

ಉಪ್ಪಳ ಗೇಟು | ಮಾರ್ಚ್ 10

ಹಾಗಾದರೆ ಕಬ್ಬಿಣಕ್ಕೆ ಕುಟ್ಟೆಯೂ ಇಲ್ಲ, ಗೆದ್ದಲೂ ಇಲ್ಲ ಎಂದು ನಾನು ಹೇಳಬಹುದಲ್ಲ?

ಪಯಸ್ವಿನಿ, ಅಡೂರು | ಮಾರ್ಚ್ 11

ಹೇಳಬಹುದು ಅಣ್ಣ, ಆದರೆ ನಿಮ್ಮ ಉಪ್ಪಳದ ಕಡಲಗಾಳಿಗೆ ಗೇಟುಗಳೇ ಎಷ್ಟು ವರ್ಷ ಬಾಳುತ್ತವೆ?

ಉಪ್ಪಳ ಗೇಟು | ಮಾರ್ಚ್ 11

ಸೋತೆ ಅಕ್ಕ. ಹೊರಗಿನಿಂದ ಬಣ್ಣ ಎಷ್ಟು ಬಳಿದರೂ ಪೈಪಿನ ಒಳಗಿನಿಂದ ತುಕ್ಕು ಬರುತ್ತದೆ. ಬಾಯಿಗಳನ್ನೆಲ್ಲ ಬೆಸೆದು ಮುಚ್ಚದಿದ್ದರೆ ಇನ್ನೂ ಬೇಗ. ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳುತ್ತೇನೆ. ಬೆಸುಗೆಯ ಬಿಸಿಗೆ ಚೌಕಟ್ಟು ಒಂದಿಷ್ಟು ಸೆಟೆದೇ ಸೆಟೆಯುತ್ತದೆ. ನಾಲ್ಕು ಮೂಲೆಗಳಲ್ಲಿ ಮೂರು ನೆಲ ಮುಟ್ಟಿ ಒಂದು ಎದ್ದು ನಿಂತದ್ದನ್ನು ನಾನೇ ಸುತ್ತಿಗೆಯಿಂದ ಬಡಿದು ಕೂರಿಸಿದ್ದೇನೆ. ಆದರೂ ಮರದವರು ಕಬ್ಬಿಣವನ್ನು ಕೀಳಾಗಿ ಕಾಣುವುದು ಬೇಡ.

ಮುರಕಲ್ಲು, ನೀರ್ಚಾಲು | ಮಾರ್ಚ್ 11

ಒಂದೇ ದಿನದಲ್ಲಿ ಇಷ್ಟು ಮಾತು! ಅಯಸ್ಕಾಂತ ಓಡಿಸಿದೆ. ಹನ್ನೊಂದು ಪಕ್ಕಾಸಿನಲ್ಲಿ ಮೂವತ್ತೇಳು ಮೊಳೆ. ಮಗಳು ಎಣಿಸಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಕೀಸಿ ನೋಡಿದಾಗ ಏಳು ಹಲಸು, ನಾಲ್ಕು ಕಿರಾಲುಬೋಗಿ. ಉಳಿದವುಗಳ ತುದಿಯನ್ನು ಗೆದ್ದಲು ತಿಂದಿತ್ತು, ಬಿಟ್ಟೆ.

ಉಳಿ ಕೊಡತಿಯವರೇ, ಜೋಡಣೆಯ ವಿಷಯ ಬಿಡಿಸಿ ಹೇಳುವಿರಾ? ಮುಂಭಾಗದ ನಡುವೆ ಕಾಲು ಬೇಡವೆಂದು ನನ್ನ ಆಸೆ. ಫಿಲ್ಟರಿನ ತೊಟ್ಟಿಯನ್ನು ಕೆಳಗಿಡಲು ಜಾಗ ಬೇಕು, ಬಾಗಿಲೂ ಅಗಲವಾಗಿ ತೆರೆಯಬೇಕು.

ಉಳಿ ಕೊಡತಿ, ಪೆರ್ಲ | ಮಾರ್ಚ್ 11

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ತೊಟ್ಟಿಯ ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರಬೇಕು. ನಡುವೆ ಎಲ್ಲಿಯೂ ತಿರುಪಿನ ಮೇಲೆ ನೇತಾಡಬಾರದು. ಹೆಚ್ಚಿನವರು ಕಾಲಿನ ಪಕ್ಕಕ್ಕೆ ಅಡ್ಡಪಟ್ಟಿಯನ್ನು ಒತ್ತಿ ಹಿಡಿದು ಎರಡು ತಿರುಪು ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಗ ಮೂರು ಕ್ವಿಂಟಾಲೂ ಆ ಬೆರಳೆಣಿಕೆಯ ತಿರುಪುಗಳ ಕುತ್ತಿಗೆಯ ಮೇಲೆ. ಕಾಲಿನ ತಲೆಯಲ್ಲಿ ಮೂರಿಂಚು ಎತ್ತರಕ್ಕೆ, ದಪ್ಪದಲ್ಲಿ ಅರ್ಧದಷ್ಟು ಕಡಿದು ಒಂದು ಹೆಗಲು ಮಾಡಿ. ಅಡ್ಡಪಟ್ಟಿ ಆ ಹೆಗಲ ಮೇಲೆ ಕೂರಲಿ. ತಿರುಪು, ಅಂಟು ಎರಡೂ ಅದನ್ನು ಜಾರದಂತೆ ಹಿಡಿಯಲು ಮಾತ್ರ. ಹೆಗಲು ಕಡಿಯುವಾಗ ಗರಗಸ ಗೆರೆಯ ಒಳಗೇ ನಿಲ್ಲಲಿ, ಉಳಿದದ್ದನ್ನು ಉಳಿಯಿಂದ ತೆಳುವಾಗಿ ಸವರಿ ತೆಗೆಯಿರಿ. ಕೂರಿಸಿದ ಮೇಲೆ ಸಂದಿನಲ್ಲಿ ಒಂದು ವರ್ತಮಾನಪತ್ರಿಕೆಯ ಹಾಳೆ ತೂರಿದರೂ ಆ ಹೆಗಲು ಭಾರ ಹೊರುತ್ತಿಲ್ಲ ಎಂದು ಅರ್ಥ, ಮತ್ತೆ ಬಿಚ್ಚಿ ಸರಿಮಾಡಿ.

ಪಟ್ಟಿಯನ್ನು ಮಲಗಿಸಬೇಡಿ, ಎದ್ದು ನಿಲ್ಲಿಸಿ. ಕಾರಣವನ್ನು ಮಾಸ್ತರರು ಹೇಳಲಿ. ನಡುಗಾಲಿನ ವಿಷಯವನ್ನೂ ಅವರಿಗೇ ಬಿಡುತ್ತೇನೆ, ಇಲ್ಲದಿದ್ದರೆ ಆಚಾರಿ ಹಟಮಾರಿ ಎನ್ನುತ್ತೀರಿ.

ಲೆಕ್ಕದ ಮಾಸ್ತರ್, ಕುಂಬಳೆ | ಮಾರ್ಚ್ 12

ಮೊನ್ನೆಯ ಏಟಿಗೆ ಈಗ ಮುಲಾಮು ಸಿಕ್ಕಿತು. ಪಟ್ಟಿಯ ಬಾಗುವಿಕೆ ಅದರ ಎತ್ತರದ ಘನವನ್ನು ಅವಲಂಬಿಸಿದೆ. ಮೂರಿಂಚನ್ನು ನಿಲ್ಲಿಸಿದರೆ ಮೂರರ ಘನ 27, ಅಗಲ 2; ಗುಣಿಸಿದರೆ 54. ಮಲಗಿಸಿದರೆ ಎರಡರ ಘನ 8, ಅಗಲ 3, ಗುಣಿಸಿದರೆ 24. ಅದೇ ಮರ, ಅದೇ ತೂಕ, ಬರಿಯ ನಿಲ್ಲಿಸಿದ್ದಕ್ಕೆ ಎರಡೂಕಾಲು ಪಟ್ಟು ಗಡಸು.

ಉದ್ದದ ವಿಷಯದಲ್ಲಿ ಪ್ರಕೃತಿ ಇನ್ನೂ ಕಟುವಾಗಿದೆ. ಸಮನಾಗಿ ಹರಡಿದ ಭಾರಕ್ಕೆ ಬಾಗುವಿಕೆ ಉದ್ದದ ನಾಲ್ಕನೇ ಘಾತದಲ್ಲಿ ಏರುತ್ತದೆ. ನಡುವೆ ಆಸರೆ ಇಲ್ಲದ ನಾಲ್ಕಡಿಯ ನಿಮ್ಮ ಪಟ್ಟಿ, ಅರ್ಧ ತೊಟ್ಟಿಯ ಭಾರಕ್ಕೆ ಒಂದೂವರೆಯಿಂದ ಎರಡು ಮಿಲಿಮೀಟರ್ ಬಾಗುತ್ತದೆ. ಮುರಿಯುವ ಮಾತೇ ಇಲ್ಲ. ಆದರೆ ಗಾಜು ಬಾಗುವುದಿಲ್ಲ, ಅಷ್ಟು ತಗ್ಗಿದ ಜಾಗವನ್ನು ಬಿಟ್ಟು ಎರಡು ತುದಿಗಳ ಮೇಲೆ ನಿಲ್ಲಲು ನೋಡುತ್ತದೆ. ನಡುವೆ ಒಂದು ಕಾಲು ಕೊಡಿ, ಎರಡೆರಡು ಅಡಿಯ ಒಂದೊಂದು ತುಂಡಿನ ಬಾಗುವಿಕೆ ಮೊದಲಿನ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಅದು ಕೂದಲೆಳೆಗೆ ಹತ್ತಿರ. ಆಚಾರಿಗಳು ಹಟಮಾರಿಯಲ್ಲ.

ಮುರಕಲ್ಲು, ನೀರ್ಚಾಲು | ಮಾರ್ಚ್ 12

ಒಪ್ಪಿದೆ. ಆರು ಕಾಲು. ಫಿಲ್ಟರಿನ ತೊಟ್ಟಿಯನ್ನು ಎರಡಡಿಯೊಳಗೆ ಇಳಿಸುತ್ತೇನೆ.

ಪಯಸ್ವಿನಿ, ಅಡೂರು | ಮಾರ್ಚ್ 12

ಅದು ಎರಡಡಿಯೊಳಗೆ ಇದ್ದರೆ ಸಾಲದು, ಬಾಗಿಲಿನಿಂದ ಒಳಗೆ ಹೋಗಬೇಕು! ಕಾಲಿನ ದಪ್ಪ, ಬಾಗಿಲ ಚೌಕಟ್ಟು ಎಲ್ಲ ಕಳೆದು ಅಳೆಯಿರಿ. ನನ್ನ ಎರಡನೆಯ ಸ್ಟ್ಯಾಂಡಿನಲ್ಲಿ ಒಳಗಿನ ಜಾಗ ಬೇಕಾದಷ್ಟಿತ್ತು, ಬಾಗಿಲು ಅರ್ಧ ಇಂಚು ಕಿರಿದು. ಹಿಂಬದಿಯ ಹಲಗೆಯನ್ನು ಬಿಚ್ಚಿ ಒಳಗಿಟ್ಟು ಮತ್ತೆ ಬಡಿದದ್ದಾಯಿತು. ಈಗ ಆ ಫಿಲ್ಟರು ಸೋರಿದರೆ ಇನ್ನೊಮ್ಮೆ ಬಿಚ್ಚಬೇಕು.

ಎತ್ತರದ ಬಗ್ಗೆ ಯಾರೂ ಹೇಳಲಿಲ್ಲ. ಎರಡೂವರೆ ಅಡಿ ಸಾಕು. ಮಗಳಿಗೆ ಕಾಣುತ್ತದೆ, ಕುಳಿತವರಿಗೂ ಕಾಣುತ್ತದೆ, ಕೊಳವೆ ಹಾಕಿ ನೀರು ತೆಗೆಯುವಾಗ ಕೆಳಗೆ ಬಾಲ್ದಿ ಇಡುವಷ್ಟು ಇಳಿಜಾರೂ ಸಿಗುತ್ತದೆ. ಅದಕ್ಕಿಂತ ಎತ್ತರ ಮಾಡಿದರೆ ತಳದ ಮರಳನ್ನು ಶುಚಿ ಮಾಡಲು ಪ್ರತಿ ವಾರ ಸ್ಟೂಲು ಹತ್ತಬೇಕು.

ಗಪ್ಪಿ, ಮಂಜೇಶ್ವರ | ಮಾರ್ಚ್ 13

ಓಲಾಡಿ ಮಡಚಿಕೊಳ್ಳುವುದು ಎಂದಿರಲ್ಲ, ಅದು ನನಗೆ ಅರ್ಥವಾಗಲಿಲ್ಲ. ಆರು ಕಾಲಿದ್ದರೂ ಓಲಾಡುತ್ತದೆಯೇ?

ಉಳಿ ಕೊಡತಿ, ಪೆರ್ಲ | ಮಾರ್ಚ್ 13

ತಮ್ಮಾ, ಅಡುಗೆಮನೆಯಿಂದ ಒಂದು ಬೆಂಕಿಪೆಟ್ಟಿಗೆ ತೆಗೆದುಕೊಂಡು ಬನ್ನಿ. ಕಡ್ಡಿಯಿರುವ ಗೂಡನ್ನು ಹೊರಗೆಳೆದು ಬರಿಯ ಕವಚವನ್ನು ಎರಡು ಬೆರಳಿನಲ್ಲಿ ಪಕ್ಕಕ್ಕೆ ಒತ್ತಿ. ಚಪ್ಪಟೆಯಾಗುತ್ತದೆ. ಈಗ ಗೂಡನ್ನು ಒಳಗೆ ತಳ್ಳಿ ಮತ್ತೆ ಒತ್ತಿ. ಕದಲುವುದಿಲ್ಲ. ನೂರು ಕಾಲು ಇದ್ದರೂ ಒಳಗೆ ಗೂಡಿಲ್ಲದ ಸ್ಟ್ಯಾಂಡ್ ಬರಿಯ ಕವಚ.

ಸ್ಟ್ಯಾಂಡಿನ ಹಿಂಬದಿಗೆ 12 ಮಿಲಿಮೀಟರಿನ ಒಂದೇ ಅಖಂಡ ಪ್ಲೈವುಡ್ ಹಾಕಿ, ಅಂಚಿನುದ್ದಕ್ಕೂ ಆರಾರು ಇಂಚಿಗೆ ಒಂದು ತಿರುಪು. ಎರಡು ಪಕ್ಕಕ್ಕೂ ಹಾಗೆಯೇ. ಆಗ ಅದೇ ಗೂಡಿನ ಕೆಲಸ ಮಾಡುತ್ತದೆ. ಪೈಪು, ವಯರಿಗಾಗಿ ತೂತು ಕೊರೆಯುವುದಾದರೆ ಗುಂಡಗೆ ಕೊರೆಯಿರಿ, ಅಂಚಿನಿಂದ ನಾಲ್ಕಿಂಚು ಒಳಗೆ. ಮೂಲೆಯನ್ನೇ ಚೌಕವಾಗಿ ಕತ್ತರಿಸಿ ತೆಗೆದರೆ ಗೂಡಿನ ಗೋಡೆ ಹರಿದಂತೆ.

ಮುರಕಲ್ಲು, ನೀರ್ಚಾಲು | ಮಾರ್ಚ್ 15

ಪ್ಲೈವುಡ್ ಕೇಳಲು ಹೋದೆ. ಅಂಗಡಿಯಲ್ಲಿ ನಾಲ್ಕು ಬಗೆ ತೋರಿಸಿದರು, ನಾಲ್ಕನ್ನೂ ‘ನೀರಿಗೆ ಏನೂ ಆಗುವುದಿಲ್ಲ’ ಎಂದರು.

ಉಪ್ಪಳ ಗೇಟು | ಮಾರ್ಚ್ 15

ಹಲಗೆಯ ಮೇಲೆ ಒತ್ತಿದ ಮುದ್ರೆ ಓದಿ ಅಣ್ಣ, ಬಾಯಿಮಾತು ಬೇಡ. ಐಎಸ್ 710 ಎಂದಿದ್ದರೆ ಮೆರೈನ್ ದರ್ಜೆ. ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, ಅದರಲ್ಲೇ ಮತ್ತೆ ಎರಡು: ಬಿಡಬ್ಲ್ಯುಆರ್ ಕುದಿನೀರಿಗೂ ಸ್ವಲ್ಪ ತಾಳುತ್ತದೆ, ಎಂಆರ್ ಬರಿಯ ಗಾಳಿಯ ತೇವಕ್ಕೆ ಮಾತ್ರ. ತೊಟ್ಟಿ ಕೂರುವ ಮೇಲ್ಹಲಗೆ 19 ಮಿಲಿಮೀಟರಿನ 710 ಇರಲಿ. ಹಿಂಬದಿಗೆ 303ರ ಬಿಡಬ್ಲ್ಯುಆರ್ ಸಾಕು. ಮರದ ಪರವಾಗಿ ನಾನು ಇಷ್ಟು ಮಾತನಾಡಿದ್ದು ಇದೇ ಮೊದಲು.

ಮುರಕಲ್ಲು, ನೀರ್ಚಾಲು | ಮಾರ್ಚ್ 22

ನಮ್ಮ ಕಡೆಯ ಆಚಾರಿಗಳಿಗೆ ಬಿಡುವಿಲ್ಲದ ಕಾರಣ ಹೊಸದುರ್ಗದ (ಕಾಞಂಗಾಡಿನ) ಕಡೆಯ ಮಲಯಾಳಿ ಆಶಾರಿಯೊಬ್ಬರನ್ನು, ಅಂದರೆ ಬಡಗಿಯನ್ನು, ಕರೆಸಿದೆ. ಬಹಳ ಅಚ್ಚುಕಟ್ಟಿನ ಕೈ. ಎರಡೂವರೆ ದಿನದಲ್ಲಿ ಚೌಕಟ್ಟು ಎದ್ದಿತು. ಕಾಲಿಗೆ ಕಿರಾಲುಬೋಗಿ, ಪಟ್ಟಿಗಳಿಗೆ ಹಲಸು. ಒಟ್ಟು 37 ಅಡಿ ಉದ್ದ ಬೇಕಾಯಿತು, ಅಂದರೆ ಒಂದೂವರೆ ಘನ ಅಡಿ. ಸಂದುಗಳಲ್ಲಿ ಪತ್ರಿಕೆಯ ಹಾಳೆ ತೂರಿಸಿ ನೋಡಿದೆ, ತೂರಲಿಲ್ಲ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಗೆದ್ದಲಿಗೆ ಗೇರೆಣ್ಣೆ ಬಳಿಯಿರಿ ಎಂದು ಅಪ್ಪ ಹೇಳುತ್ತಿದ್ದಾರೆ. ಬಳಿಯಲೇ?

ಉಳಿ ಕೊಡತಿ, ಪೆರ್ಲ | ಮಾರ್ಚ್ 22

ನಿಮ್ಮ ತಂದೆಯವರ ಮಾತು ಸುಳ್ಳಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮಾಡಿನ ಮರಕ್ಕೆ ಬಳಿಯುತ್ತಿದ್ದರು, ಒರಲೆ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಮಾಡು ತಲೆಯ ಮೇಲಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಇದನ್ನು ಮಗು ದಿನಾ ಮುಟ್ಟುತ್ತದೆ. ಚಿಕ್ಕಂದಿನಲ್ಲಿ ಬರಿಗೈಯಲ್ಲಿ ಬಳಿದು ನನ್ನ ಎರಡು ಅಂಗೈಯ ಚರ್ಮವೂ ಹಾವಿನ ಪೊರೆಯಂತೆ ಸುಲಿದಿತ್ತು. ಹದಿನೈದು ದಿನ ಅಮ್ಮ ತುತ್ತು ತಿನ್ನಿಸಿದ್ದಾಳೆ. ಮೀನಿನ ನೀರಿನ ಪಕ್ಕದಲ್ಲಂತೂ ಬೇಡವೇ ಬೇಡ.

ಪಾಲಿಯುರೆಥೇನ್ ವಾರ್ನಿಷ್ ಮೂರು ಕೋಟು, ಒಳಬದಿಗೂ. ಚಂದಕ್ಕಾಗಿ ಹೊರಗೆ ಮಾತ್ರ ಬಳಿದರೆ ಪ್ರಯೋಜನವಿಲ್ಲ, ತೇವ ಇರುವುದೇ ಒಳಗೆ. ಕಾಲಿನ ಅಡಿ ಮರೆಯಬೇಡಿ. ಮರ ನೀರು ಕುಡಿಯುವುದು ಕಡಿದ ತುದಿಯಿಂದ, ಹುಲ್ಲಿನ ಕೊಳವೆಯ ಹಾಗೆ. ಆ ತುದಿಗೆ ವಾರ್ನಿಷ್ ಹೀರುವುದು ನಿಲ್ಲುವವರೆಗೆ ಬಳಿಯಿರಿ, ಐದು ಸಲವಾದರೂ ಆಗಲಿ. ಅಡಿಗೆ ಅಂಗೈಯಗಲದ ಗ್ರಾನೈಟ್ ತುಂಡು ಕೊಡಿ.

ಪಯಸ್ವಿನಿ, ಅಡೂರು | ಮಾರ್ಚ್ 22

ವಾಸನೆ ಪೂರ್ತಿ ಹೋಗುವವರೆಗೆ ಮೀನು ತರಬೇಡಿ. ಎರಡು ವಾರ ಗಾಳಿಗೆ ಬಿಡಿ. ಆ ಎರಡು ವಾರ ಮಗಳನ್ನು ಸಮಾಧಾನಪಡಿಸುವುದು ನಿಮ್ಮ ಜವಾಬ್ದಾರಿ.

ಮುರಕಲ್ಲು, ನೀರ್ಚಾಲು | ಏಪ್ರಿಲ್ 10

ಅಪಾಯದ ಗಂಟೆ ಹೊಡೆದಿದೆ. ದಯವಿಟ್ಟು ಯಾರಾದರೂ ಉತ್ತರಿಸಿ.

ನಿನ್ನೆ ಸಂಜೆ ತೊಟ್ಟಿ ಕೂರಿಸಿ, ಅಡಿಗೆ ಥರ್ಮಾಕೋಲ್ ಹಾಸಿ, ಪರೀಕ್ಷೆಗೆಂದು ನೀರು ತುಂಬಿಸಿದೆವು. ಅರ್ಧ ತುಂಬಿದಾಗ ಮಗಳು ‘ಅಪ್ಪ, ನೀರು ಓರೆಯಾಗಿದೆ’ ಎಂದಳು. ನೀರು ಓರೆಯಾಗುವುದಿಲ್ಲ ಮಗಳೇ ಎಂದು ನಕ್ಕೆ. ಆಮೇಲೆ ಅಳೆದು ನೋಡಿದರೆ ಎಡತುದಿಯಲ್ಲಿ ಗಾಜಿನ ಅಂಚಿನಿಂದ ನೀರಿಗೆ ಇರುವ ದೂರಕ್ಕೂ ಬಲತುದಿಯ ದೂರಕ್ಕೂ 9 ಮಿಲಿಮೀಟರ್ ವ್ಯತ್ಯಾಸ. ಎಡ ತಗ್ಗು.

ಆಶ್ಚರ್ಯವೇನೆಂದರೆ ಚೌಕಟ್ಟು ಎಬ್ಬಿಸಿದ ದಿನ ನಾನೇ ಆಶಾರಿಯವರಲ್ಲಿ ಮಟ್ಟ ಸರಿಯಿದೆಯೇ ಎಂದು ಎರಡು ಸಲ ಕೇಳಿದ್ದೆ. ಅವರು ಉಪಕರಣ ಹಿಡಿದು ಮೂಲೆ ಮೂಲೆಗೂ ಇಟ್ಟು ನೋಡಿ, ಮಟ್ಟ ನಿಖರವಾಗಿದೆ ಎಂದು ತಲೆಯಾಡಿಸಿದ್ದರು.

ಉಳಿ ಕೊಡತಿ, ಪೆರ್ಲ | ಏಪ್ರಿಲ್ 10

ಅವರು ಹಿಡಿದ ಉಪಕರಣ ಎಲ್ ಆಕಾರದ್ದೇ?

ಮುರಕಲ್ಲು, ನೀರ್ಚಾಲು | ಏಪ್ರಿಲ್ 10

ಹೌದು.

ಉಳಿ ಕೊಡತಿ, ಪೆರ್ಲ | ಏಪ್ರಿಲ್ 10

ಹಾಗಾದರೆ ಅವರ ತಪ್ಪಿಲ್ಲ, ನಿಮ್ಮದೂ ಇಲ್ಲ. ಮಲಯಾಳದ ಮರಗೆಲಸದಲ್ಲಿ ‘ಮಟ್ಟಂ’ ಎಂದರೆ ಮೂಲೆಮಟ್ಟ, ಮೂಲೆ ನೇರಕ್ಕಿದೆಯೇ ಎಂದು ನೋಡುವುದು. ನಿಮ್ಮ ಚೌಕಟ್ಟಿನ ಮೂಲೆಗಳು ಖಂಡಿತ ನೇರವಾಗಿಯೇ ಇರುತ್ತವೆ. ನೀವು ಕೇಳಬೇಕಾಗಿದ್ದದ್ದು ‘ರಸಮಟ್ಟ’, ಗುಳ್ಳೆಯ ಕೊಳವೆಯಿಟ್ಟು ಸಮತಲ ನೋಡುವುದು. ಪೆರ್ಲದಲ್ಲಿ ನಾನು ದಿನಕ್ಕೆ ಮೂರು ಭಾಷೆಯಲ್ಲಿ ಉಳಿ ಕೇಳುತ್ತೇನೆ. ಈ ಒಂದು ಶಬ್ದಕ್ಕೆ ನಾನೂ ಮೊದಲು ಎಡವಿದ್ದೇನೆ.

ತೊಟ್ಟಿಯ ನೀರನ್ನು ಪೂರ್ತಿ ಖಾಲಿ ಮಾಡಿ. ಈಗಲೇ. ತುಂಬಿದ ತೊಟ್ಟಿಯ ಅಡಿಗೆ ಯಾರೂ ಬೆಣೆ ಬಡಿಯಬಾರದು.

ಲೆಕ್ಕದ ಮಾಸ್ತರ್, ಕುಂಬಳೆ | ಏಪ್ರಿಲ್ 10

ಒಂದು ಪ್ರಶ್ನೆ. ಮುಂದಿನ ಎಡಮೂಲೆ, ಹಿಂದಿನ ಎಡಮೂಲೆ ಎರಡರಲ್ಲೂ 9 ಮಿಲಿಮೀಟರೇ? ಎರಡೂ ಸಮವಾಗಿ ತಗ್ಗಿದ್ದರೆ ತೊಟ್ಟಿ ಬರಿಯ ವಾಲಿದೆ, ಗಾಜಿಗೆ ಅಂಥ ಹಾನಿಯಿಲ್ಲ. ಒಂದು ಮೂಲೆ ಮಾತ್ರ ತಗ್ಗಿದ್ದರೆ ತಿರುಚಿಕೊಂಡಿದೆ, ಅದೇ ಪಯಸ್ವಿನಿಯವರ ತೊಟ್ಟಿಯ ಕಥೆ.

ಮುರಕಲ್ಲು, ನೀರ್ಚಾಲು | ಏಪ್ರಿಲ್ 10

ಮುಂದೆ 9, ಹಿಂದೆ 9. ವಾಲಿದೆ, ತಿರುಚಿಲ್ಲ. ಉಸಿರು ಬಂತು. ಖಾಲಿ ಮಾಡುತ್ತಿದ್ದೇವೆ.

ಪಯಸ್ವಿನಿ, ಅಡೂರು | ಏಪ್ರಿಲ್ 10

ಚಾವಡಿಯ ನೆಲ ಬಾಗಿಲ ಕಡೆಗೆ ಇಳಿಜಾರಾಗಿದೆಯೇ? ತೊಳೆದ ನೀರು ಹೊರಹೋಗಲೆಂದು ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ.

ಮುರಕಲ್ಲು, ನೀರ್ಚಾಲು | ಏಪ್ರಿಲ್ 11

ಅದೇ ಅಕ್ಕ! ಹಾಗೆ ಮಾಡಿ ಎಂದು ಮೇಸ್ತ್ರಿಗೆ ಹೇಳಿದ್ದೂ ನಾನೇ.

ಇವತ್ತು ತೋಟದ ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಹೋಗುವವರೆಗೆ ತಟ್ಟಿ, ಒಂದು ತುದಿ ನಾನು, ಇನ್ನೊಂದು ಮಗಳು ಹಿಡಿದು ನೆಲ ಅಳೆದೆವು. ನಾಲ್ಕಡಿಗೆ 9 ಮಿಲಿಮೀಟರ್ ಇಳಿಜಾರು, ಸ್ಟ್ಯಾಂಡಿನ ಲೆಕ್ಕಕ್ಕೆ ಸರಿಯಾಗಿ. ಎಡದ ಎರಡು ಕಾಲಿಗೆ 9 ಮಿಲಿಮೀಟರ್ ಬೆಣೆ ಕೊಡುವವನಿದ್ದೆ. ಆಗ ನೆನಪಾಯಿತು, ನಡುಗಾಲುಗಳು ಗಾಳಿಯಲ್ಲಿ ನಿಲ್ಲುತ್ತವಲ್ಲ?

ಉಳಿ ಕೊಡತಿ, ಪೆರ್ಲ | ಏಪ್ರಿಲ್ 11

ಕೆಲಸ ಕಲಿತಿರಿ. ನಡುವಿನ ಎರಡಕ್ಕೆ ನಾಲ್ಕೂವರೆ. ಕೈಯಿಂದ ಅಲ್ಲಾಡಿಸಿ, ಆರೂ ಕಾಲುಗಳು ಬಿಗಿಯಾಗಿ ನಿಂತ ಮೇಲೆ ಬೆಣೆಯ ಉಳಿಕೆಯನ್ನು ಗರಗಸದಿಂದ ಕತ್ತರಿಸಿ. ಬೆಣೆ ಯಾವಾಗಲೂ ಕಾಲಿನ ಅಡಿಗೇ ಹೊರತು ತೊಟ್ಟಿಯ ಅಡಿಗಲ್ಲ.

ಪಯಸ್ವಿನಿ, ಅಡೂರು | ಏಪ್ರಿಲ್ 12

ಕರೆಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ಲಗ್ಗುಗಳ ಪಟ್ಟಿಯನ್ನು ಸ್ಟ್ಯಾಂಡಿನೊಳಗೆ ನೆಲದ ಮೇಲೆ ಎಸೆಯಬೇಡಿ, ಮೇಲಿನ ಮೂಲೆಗೆ ತಿರುಪು ಹಾಕಿ ನಿಲ್ಲಿಸಿ. ತೊಟ್ಟಿಯಿಂದ ಬರುವ ವಯರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಬಾಗಿ ಆಮೇಲೆ ಮೇಲೇರಲಿ. ವಯರಿನ ಮೇಲೆ ಇಳಿಯುವ ಹನಿ ಆ ಬಾಗಿನಿಂದ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಆ ಸಾಲಿಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಇದೆಯೇ ಎಂದು ಒಮ್ಮೆ ಪರೀಕ್ಷಿಸಿ. ನೀರಿಗೆ ಕೈ ಹಾಕುವುದು ಮಗು.

ನೀರು ಎಲ್ಲಿಯದು? ಬಾವಿಯದೇ?

ಮುರಕಲ್ಲು, ನೀರ್ಚಾಲು | ಏಪ್ರಿಲ್ 12

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ್ದು ಅಕ್ಕ. ಅಜ್ಜನ ಕಾಲದಲ್ಲಿ ತೋಡಿದ್ದು, ಬೇಸಿಗೆಯಲ್ಲೂ ಬೆರಳು ದಪ್ಪದ ಧಾರೆ ಇದೆ.

ಪಯಸ್ವಿನಿ, ಅಡೂರು | ಏಪ್ರಿಲ್ 12

ಪುಣ್ಯವಂತರು! ಕ್ಲೋರಿನ್ ಇಲ್ಲದ ಮೃದು ನೀರು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರು ಸ್ವಲ್ಪ ಆಮ್ಲೀಯವಾಗಿರುತ್ತದೆ, ಪರೀಕ್ಷಾ ಪಟ್ಟಿಯಿಂದ ನೋಡಿಕೊಳ್ಳಿ. ಬಾರ್ಬ್, ಟೆಟ್ರಾಗಳಿಗೆ ಅದು ಹಿತ. ಗಪ್ಪಿ, ಮಾಲಿ ಮೀನುಗಳಿಗೆ ಅಷ್ಟಕ್ಕಷ್ಟೆ. ಹಾಗೆಂದು ಕುಂಬಳೆ ಕಡಲತೀರದ ಮರಳನ್ನು ಹಾಕಲು ಹೋಗಬೇಡಿ. ಅದರಲ್ಲಿ ಚಿಪ್ಪಿನ ಚೂರು ತುಂಬಿರುತ್ತದೆ, ನೀರು ಗಡಸಾಗುತ್ತದೆ.

ಮಗಳು ಮಿಸ್ ಕೇರಳ ಕೇಳಿಯೇ ಕೇಳುತ್ತಾಳೆ. ಕೆಂಪು ಗೆರೆಯ ಈ ಬಾರ್ಬ್ ನಮ್ಮ ಚಂದ್ರಗಿರಿ ಹೊಳೆಯದೇ ಮೀನು, ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದದ್ದು ಬೇಡ, ತೊಟ್ಟಿಯಲ್ಲಿ ಮರಿ ಮಾಡಿದವರಿಂದಲೇ ತನ್ನಿ. ಗುಂಪಿನಲ್ಲಿ ಈಜುವ ಜಾತಿ, ನಾಲ್ಕಡಿಗೆ ಆರು ಬಿಡಬಹುದು.

ಉಪ್ಪಳ ಗೇಟು | ಏಪ್ರಿಲ್ 12

ಸ್ಟ್ಯಾಂಡಿನ ಚರ್ಚೆಗೆ ಬಂದವನು ಮೀನು ಸಾಕಲು ಹೊರಟಿದ್ದೇನೆ.

ಮುರಕಲ್ಲು, ನೀರ್ಚಾಲು | ಜುಲೈ 28

ಬಹಳ ದಿನ ಬರೆಯಲಿಲ್ಲ. ತೊಟ್ಟಿ ತುಂಬಿ ಮೂರು ತಿಂಗಳು ದಾಟಿತು. ನೀರಿನ ಗೆರೆ ಎಡಕ್ಕೂ ಬಲಕ್ಕೂ ಸಮ. ಪ್ರತಿ ಭಾನುವಾರ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವುದು ಮಗಳ ಕೆಲಸ. ಈ ಆಟಿಯ ಮಳೆಗೆ ಮನೆಯ ಬಾಗಿಲುಗಳೆಲ್ಲ ಉಬ್ಬಿದವು, ಸ್ಟ್ಯಾಂಡಿನ ಬಾಗಿಲೂ ಉಬ್ಬಿ ಮೊಣಕಾಲು ಕೊಟ್ಟು ತೆರೆಯಬೇಕಾಗಿದೆ. ಅದಕ್ಕೆ ಹೊಸ ಮರ ಬಳಸಿದ್ದೆ. ಪಕ್ಕಾಸಿನ ಚೌಕಟ್ಟು ಎಳ್ಳಷ್ಟೂ ಕದಲಿಲ್ಲ.

ಮೊನ್ನೆ ಚಿಕ್ಕಮ್ಮ ಬಂದಿದ್ದರು. ಮೀನಿನ ಕಡೆ ನೋಡಲೇ ಇಲ್ಲ, ಬಗ್ಗಿ ಮುಂದಿನ ಪಟ್ಟಿಯನ್ನು ಸವರಿದರು. ಅಲ್ಲಿ ಅಂಗುಲಕ್ಕೊಂದರಂತೆ ಮೂರು ನಯವಾದ ಗೀರುಗಳಿವೆ, ಕೀಸುಳಿಗೂ ಹೋಗಿರಲಿಲ್ಲ, ವಾರ್ನಿಷಿನ ಅಡಿಯಲ್ಲಿ ಇನ್ನೂ ಎದ್ದು ಕಾಣುತ್ತವೆ. ಮಳೆಗಾಲಕ್ಕೆಂದು ಸೌತೆಕಾಯಿ ತೂಗುಹಾಕುತ್ತಿದ್ದ ಬಾಳೆನಾರಿನ ಗುರುತು ಎಂದರು. ಅಡುಗೆಮನೆಯ ಬಾಗಿಲಿನಿಂದ ಎರಡನೆಯ ಪಕ್ಕಾಸು ಎಂದೂ ಹೇಳಿದರು.

ಉಳಿ ಕೊಡತಿ, ಪೆರ್ಲ | ಜುಲೈ 28

ಬಾಗಿಲನ್ನು ಈಗ ಕೀಸಬೇಡಿ. ಈಗ ಕೀಸಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ದೀಪಾವಳಿ ಕಳೆಯಲಿ, ಆಗಲೂ ಬಿಗಿಯಿದ್ದರೆ ನೋಡೋಣ.

ಗಪ್ಪಿ, ಮಂಜೇಶ್ವರ | ಜುಲೈ 29

ನನ್ನ ಎರಡಡಿಯ ತೊಟ್ಟಿಯನ್ನು ಓದುವ ಮೇಜಿನಿಂದ ಇಳಿಸಿ ಎಂದು ಮನೆಯಲ್ಲಿ ಹೇಳಿದ್ದಾರೆ. ಅಜ್ಜನ ಮನೆಯಲ್ಲಿ ಒಂದು ಹಳೆಯ ಮಾವಿನ ಬೆಂಚು ಇದೆ. ಅದರ ಮೇಲೆ ಇಡಬಹುದೇ?

ಉಳಿ ಕೊಡತಿ, ಪೆರ್ಲ | ಜುಲೈ 29

ಅದರ ಮೇಲೆ ನೀವು ಕುಳಿತು, ಪಕ್ಕಕ್ಕೆ ಇನ್ನೊಬ್ಬರನ್ನು ಕೂರಿಸಿ, ಇಬ್ಬರೂ ಎಡಕ್ಕೆ ಬಲಕ್ಕೆ ಅಲ್ಲಾಡಿ. ಕೀಚು ಎಂದರೆ ಅಡಿಯ ಚಿತ್ರ ತೆಗೆದು ಇಲ್ಲಿ ಹಾಕಿ.